ಕೀಲು ಬಿಗಿಯುವ ಮುನ್ನ

ನೆಲದ ಮೇಲೆ ಕುಳಿತ ಹುಡುಗನೊಬ್ಬನು ಏಳಬೇಕಾದಾಗ, ಮೊದಲು ಕೈಗಳನ್ನು ನೆಲಕ್ಕೂರಿ, ಬಳಿಕ ಮೊಣಕಾಲಿನ ಮೇಲಿರಿಸಿ, ಅಲ್ಲಿಂದ ತೊಡೆಗಳ ಮೇಲೆ ಸರಿಸುತ್ತ, ತನ್ನ ಮೈಯನ್ನು ತಾನೇ ಏಣಿಯಂತೆ ಹತ್ತಿ ನಿಲ್ಲುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಲಂಡನ್ನಿನ ವೈದ್ಯರಾದ ವಿಲಿಯಂ ಗವರ್ಸರು 1879ರಲ್ಲಿ ಈ ಲಕ್ಷಣವನ್ನು ವಿವರಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಸೊಂಟ ಮತ್ತು ತೊಡೆಗಳ ಸ್ನಾಯುಗಳು ಶಕ್ತಿಗುಂದಿರುವುದರ ಕುರುಹು ಅದು. ಐದಾರು ವರ್ಷದ ಗಂಡುಮಗುವಿನಲ್ಲಿ ಇದು ಕಂಡುಬಂದರೆ ವೈದ್ಯರು ಮೊದಲು ಶಂಕಿಸುವ ರೋಗವೆಂದರೆ ಡುಷೇನ್ ಸ್ನಾಯುಕ್ಷಯ.

ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಈ ರೋಗವಿರುತ್ತದೆ. ಎಕ್ಸ್ ವರ್ಣತಂತುವಿನ ಮೇಲಿನ ಒಂದು ಜೀನಿನ ದೋಷದಿಂದ ಡಿಸ್ಟ್ರೋಫಿನ್ ಎಂಬ ಪ್ರೋಟೀನು ತಯಾರಾಗುವುದಿಲ್ಲ. ಆ ಪ್ರೋಟೀನಿನ ಆಸರೆಯಿಲ್ಲದ ಸ್ನಾಯುತಂತುಗಳು ಕ್ರಮೇಣ ನಶಿಸಿ, ಅವುಗಳ ಸ್ಥಳವನ್ನು ಕೊಬ್ಬೂ ನಾರೂ ಆಕ್ರಮಿಸುತ್ತವೆ. ಔಷಧಗಳಿಂದ ರೋಗದ ವೇಗವನ್ನು ತಗ್ಗಿಸಬಹುದು. ಅದನ್ನು ನಿರ್ಮೂಲ ಮಾಡುವ ಚಿಕಿತ್ಸೆ ಇನ್ನೂ ಕೈಗೂಡಿಲ್ಲ.

ಆದರೆ ಈ ಮಕ್ಕಳ ನಡಿಗೆಯನ್ನು ಕಸಿಯುವುದು ದೌರ್ಬಲ್ಯವೊಂದೇ ಅಲ್ಲ. ಮೀನಖಂಡದ ಸ್ನಾಯುಗಳು ಕಾಲಿನ ಮುಂಭಾಗದ ಸ್ನಾಯುಗಳಿಗಿಂತ ಬಲವಾಗಿ ಉಳಿಯುವುದರಿಂದ ಅವು ಹಿಮ್ಮಡಿಯನ್ನು ಮೇಲಕ್ಕೆ ಸೆಳೆಯುತ್ತವೆ. ಬಾಲಕನು ತುದಿಗಾಲಿನಲ್ಲಿ ನಡೆಯತೊಡಗುತ್ತಾನೆ. ದಿನವೆಲ್ಲ ಕುಳಿತಿರುವವನ ಸೊಂಟವೂ ಮೊಣಕಾಲೂ ಮಡಿಸಿದ ಸ್ಥಿತಿಯಲ್ಲೇ ಉಳಿದು, ಕೊನೆಗೆ ಬೇರೆಯವರು ಹಿಡಿದು ಚಾಚಿದರೂ ನೆಟ್ಟಗಾಗುವುದಿಲ್ಲ. ಇದನ್ನೇ ವೈದ್ಯರು ಕಾಂಟ್ರಾಕ್ಚರ್ ಎನ್ನುತ್ತಾರೆ, ನಾವು ಕೀಲುಬಿಗಿತವೆನ್ನೋಣ.

ಬಾಗಿಲಿನ ಕೀಲು ತುಕ್ಕು ಹಿಡಿಯುವಂತೆ ಮೂಳೆಗಳ ಸಂಧಿಯೇ ಕೆಟ್ಟಿತೆಂದು ಜನ ಭಾವಿಸುವುದುಂಟು. ವಾಸ್ತವದಲ್ಲಿ ಬದಲಾವಣೆ ಮೊದಲಾಗುವುದು ಸ್ನಾಯುವಿನಲ್ಲಿ. ಸಾರ್ಕೊಮಿಯರ್ ಎಂಬ ಅತಿಸೂಕ್ಷ್ಮ ಘಟಕಗಳು ಸರಪಣಿಯ ಕೊಂಡಿಗಳಂತೆ ಒಂದರ ತುದಿಗೊಂದು ಕೂಡಿ ಸ್ನಾಯುತಂತುವಾಗಿದೆ. 1972ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೆಕ್ಕುಗಳ ಮೀನಖಂಡದ ಒಂದು ಸ್ನಾಯುವನ್ನು ಕುಗ್ಗಿದ ಸ್ಥಿತಿಯಲ್ಲಿರಿಸಿ ಕಾಲಿಗೆ ಪ್ಲಾಸ್ಟರ್ ಕಟ್ಟಿದಾಗ, ಸರಪಣಿಯ ಕೊಂಡಿಗಳಲ್ಲಿ ಶೇಕಡಾ 40ರಷ್ಟು ಇಲ್ಲವಾದವು! ಚಾಚಿದ ಸ್ಥಿತಿಯಲ್ಲಿ ಕಟ್ಟಿದಾಗ ಶೇಕಡಾ 19ರಷ್ಟು ಹೆಚ್ಚಿದವು. ಎಂದರೆ ಸ್ನಾಯುವು ತಾನಿರುವ ಭಂಗಿಗೆ ತಕ್ಕಂತೆ ತನ್ನ ಉದ್ದವನ್ನು ಬದಲಿಸಿಕೊಳ್ಳುತ್ತದೆ. ಕ್ಷಯಿಸುತ್ತಿರುವ ಸ್ನಾಯುವಿನಲ್ಲಿ ಇದರೊಡನೆ ನಾರೂ ತುಂಬುವುದರಿಂದ ಬಿಗಿತವು ಬೇಗನೆ ಗಟ್ಟಿಯಾಗುತ್ತದೆ. ಆದುದರಿಂದಲೇ ಕೀಲು ಸಡಿಲವಾಗಿರುವಾಗಲೇ ಚಿಕಿತ್ಸೆ ಆರಂಭವಾಗಬೇಕು.

ಚಿಕಿತ್ಸೆಯಾದರೂ ಎಂತಹುದು? ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲನ್ನು ನೇರವಾಗಿರಿಸಿ, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಮುಂಗೈಯಿಂದ ಅಂಗಾಲನ್ನು ಮೆಲ್ಲಗೆ ಮೇಲಕ್ಕೆ ಒತ್ತಬೇಕು. 15ರಿಂದ 30 ಸೆಕೆಂಡು ಹಾಗೆಯೇ ಹಿಡಿದು ಬಿಡಬೇಕು. ಮತ್ತೆ ಮತ್ತೆ ಮಾಡಬೇಕು. ಸೊಂಟ ಮತ್ತು ಮೊಣಕಾಲಿಗಾಗಿ ಪ್ರತಿದಿನ ಸ್ವಲ್ಪ ಹೊತ್ತು ಬೋರಲು ಮಲಗಿಸುವುದು ಒಳ್ಳೆಯದು. ಶಿಡ್ಲಘಟ್ಟದ ರೇಷ್ಮೆ ಬಿಚ್ಚುವವರಿಗೆ ಈ ಮರ್ಮ ಸುಲಭವಾಗಿ ತಿಳಿದೀತು: ಗೂಡನ್ನು ಬಿಸಿನೀರಿನಲ್ಲಿ ಹದಗೊಳಿಸಿ ಸಮವಾಗಿ ಸೆಳೆದರೆ ಎಳೆ ಬರುತ್ತದೆ, ಒಣಗೂಡನ್ನು ಜಗ್ಗಿದರೆ ಎಳೆ ಕಡಿಯುತ್ತದೆ. ಸ್ನಾಯುವಿಗೂ ಹಿತವಾದ ಶಾಖ ಮತ್ತು ನಿಧಾನದ ಸೆಳೆತ ಬೇಕು. ಹಠಾತ್ತಾಗಿ ಎಳೆದರೆ ಗಾಯವಾಗುವುದು.

ಅಂತರರಾಷ್ಟ್ರೀಯ ತಜ್ಞರು 2010ರಲ್ಲಿ ಪ್ರಕಟಿಸಿದ ಸೂಚನೆಯಂತೆ ಈ ಸೆಳೆತವು ವಾರಕ್ಕೆ ಕನಿಷ್ಠ 4ರಿಂದ 6 ದಿನ ನಡೆಯಬೇಕು. ನರರೋಗಗಳಿಗೂ ಪುನಶ್ಚೇತನ ಚಿಕಿತ್ಸೆಗೂ ಹೆಸರಾದ ನಿಮ್ಹಾನ್ಸ್ ಸಂಸ್ಥೆಯಿರುವುದು ಬೆಂಗಳೂರಿನಲ್ಲಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಿಂದ ಅಲ್ಲಿಗೆ ಸುಮಾರು 60ರಿಂದ 80 ಕಿಲೋಮೀಟರು. ರೋಗವನ್ನು ಗುರುತಿಸಲು, ಆಗಾಗ ಪರೀಕ್ಷೆ ಮಾಡಿಸಲು ಹೋಗಿಬರಬಹುದು. ವಾರಕ್ಕೆ ಆರು ದಿನ ಮಗುವನ್ನು ಹೊತ್ತು ಹೋಗಬಲ್ಲ ಕೂಲಿಕಾರರು ಯಾರು? ಆದಕಾರಣ ಫಿಸಿಯೋಥೆರಪಿ ತಜ್ಞರು ತಾಯಿಗೋ ಅಣ್ಣನಿಗೋ ಅಕ್ಕನಿಗೋ ವಿಧಾನವನ್ನು ಕೈಹಿಡಿದು ಕಲಿಸುತ್ತಾರೆ. ಕಲಿತವರ ಮನೆಯ ಚಾಪೆಯೇ ಚಿಕಿತ್ಸಾಲಯವಾಗುತ್ತದೆ. ಅಳತೆಗೆ ತಕ್ಕಂತೆ ಮಾಡಿಸಿದ ಪ್ಲಾಸ್ಟಿಕ್ ದಬ್ಬೆಯನ್ನು ರಾತ್ರಿ ಕಟ್ಟಿದರೆ, ನಿದ್ರೆಯಲ್ಲಿಯೂ ಪಾದವು ಇಳಿಬೀಳದು.

ಇದರ ಮಿತಿಯನ್ನೂ ಅರಿತಿರಬೇಕು. ಸೆಳೆತದಿಂದ ರೋಗ ನಿಲ್ಲುವುದಿಲ್ಲ. ಪೂರ್ಣ ಬಿಗಿದ ಕೀಲು ಕೇವಲ ಸೆಳೆತದಿಂದ ಬಿಡಿಸಿಕೊಳ್ಳುವುದೂ ಅಪರೂಪ. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾದೀತು. ಹಾಗಿದ್ದರೂ ದಬ್ಬೆ, ಔಷಧ ಮತ್ತು ನಿತ್ಯದ ಸೆಳೆತ ಒಂದುಗೂಡಿದರೆ ಬಿಗಿತವನ್ನು ಮುಂದೂಡಲು ನೆರವಾಗುತ್ತವೆ. ಗಾಲಿಕುರ್ಚಿ ಹಿಡಿದ ಮೇಲೆಯೂ ಪಾದ ನೆಟ್ಟಗಿದ್ದವನು ಚಪ್ಪಲಿ ಮೆಟ್ಟಬಲ್ಲನು. ಮೊಣಕೈ ಚಾಚಬಲ್ಲವನು ಮೇಜಿನ ಮೇಲಿನ ಪುಸ್ತಕವನ್ನು ತಾನೇ ತೆಗೆದುಕೊಳ್ಳಬಲ್ಲನು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸ್ನಾಯುಕ್ಷಯವನ್ನೂ ಅಂಗವೈಕಲ್ಯವೆಂದು ಮಾನ್ಯಮಾಡಿದೆ. ವಿದ್ಯಾರ್ಥಿಗಳಾದ ನಿಮ್ಮಿಂದಲೂ ಆಗುವ ಕೆಲಸವೊಂದಿದೆ. ಪದೇ ಪದೇ ಬೀಳುವ, ತುದಿಗಾಲಿನಲ್ಲಿ ನಡೆಯುವ, ತೊಡೆ ಹಿಡಿದು ಏಳುವ ಕಿರಿಯನನ್ನು ಕಂಡರೆ ಸೋಮಾರಿಯೆಂದು ಹಾಸ್ಯ ಮಾಡದಿರಿ. ಬಲ ಬರಲೆಂದು ಭಾರ ಎತ್ತಿಸಲೂ ಬೇಡಿ. ಅದರಿಂದ ದುರ್ಬಲ ತಂತುಗಳಿಗೆ ಹಾನಿಯೇ ಹೆಚ್ಚು. ಅವನ ತಂದೆತಾಯಿಗಳಿಗೆ ತಿಳಿಸಿ, ಬೇಗನೆ ವೈದ್ಯರಿಗೆ ತೋರಿಸುವಂತೆ ಹೇಳಿ.