ನೆಗಡಿಯೋ, ಫ್ಲೂ ಜ್ವರವೋ? ಗುರುತಿಸುವ ಬಗೆ ಮತ್ತು ಲಸಿಕೆಯ ವಿಚಾರ



ಮುಂಗಾರಿನ ಹನಿ ಬಿದ್ದು ಕಡಲೆಕಾಯಿ ಬಿತ್ತನೆಗೆ ಕುಂಟೆ, ಕೂರಿಗೆ ಹೊರಬರುವ ಹೊತ್ತಿಗೆ ನಮ್ಮ ಊರುಗಳಲ್ಲಿ ಕೆಮ್ಮು, ನೆಗಡಿ, ಜ್ವರಗಳೂ ಕಾಣಿಸಿಕೊಳ್ಳುತ್ತವೆ. ಇಂದು ಮಗುವಿಗೆ ಬಂದದ್ದು ಎರಡು ದಿನದಲ್ಲಿ ಅಜ್ಜಿಗೆ, ಆಮೇಲೆ ಮನೆಮಂದಿಗೆಲ್ಲ. "ಮಳೆಯಲ್ಲಿ ನೆನೆದದ್ದಕ್ಕೆ ಶೀತ ಆಗಿದೆ" ಎಂದು ಒಂದು ಸೂಜಿ ಹಾಕಿಸಿಕೊಂಡು ಮರುದಿನವೇ ಹೊಲಕ್ಕೆ ಹೋಗುವವರು ಬಹಳ. ಬಹುಪಾಲು ಮಂದಿ ವಾರದೊಳಗೆ ತಾವಾಗಿಯೇ ಗುಣವಾಗುತ್ತಾರೆ. ಆದರೆ ವಯಸ್ಸಾದವರು, ಬಸುರಿಯರು, ಎಳೆಯ ಮಕ್ಕಳು, ಸಕ್ಕರೆ ಕಾಯಿಲೆ ಅಥವಾ ಉಬ್ಬಸ ಇರುವವರಲ್ಲಿ ಕೆಲವರಿಗೆ ಇದೇ ಜ್ವರ ಎದೆಗೆ ಇಳಿದು ನ್ಯುಮೋನಿಯಾ ಆಗುತ್ತದೆ. ಆಗ ಕಳೆದುಹೋದ ಎರಡು ಮೂರು ದಿನಗಳ ಬೆಲೆ ಒಂದು ಜೀವವೇ ಆಗಬಹುದು. ಆದುದರಿಂದ ಫ್ಲೂ ಎಂದರೇನು, ಅದನ್ನು ಗುರುತಿಸುವುದು ಹೇಗೆ, ಅದಕ್ಕೆ ಲಸಿಕೆ ಯಾರಿಗೆ ಬೇಕು ಎಂಬುದನ್ನು ಈ ಸಲ ತಿಳಿದುಕೊಳ್ಳೋಣ.

ನೆಗಡಿ ಬೇರೆ, ಫ್ಲೂ ಬೇರೆ

ನೆಗಡಿ ಮೆಲ್ಲಗೆ ಬರುತ್ತದೆ. ಮೊದಲು ಗಂಟಲು ಕೆರೆತ, ಸೀನು, ಮೂಗು ಸೋರುವುದು. ಜ್ವರ ಬಂದರೂ ಅಲ್ಪ. ಮನುಷ್ಯ ನಡೆದಾಡಿಕೊಂಡು ಕೆಲಸ ಮಾಡಿಕೊಂಡೇ ಇರುತ್ತಾನೆ.

ಫ್ಲೂ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಹಾಸಿಗೆ ಹಿಡಿಯುತ್ತಾರೆ. ಒಮ್ಮೆಲೇ ಚಳಿಯೊಡನೆ ಜೋರು ಜ್ವರ, ತಲೆನೋವು, ಹೊಡೆದು ಹಾಕಿದಂತೆ ಮೈಕೈ ನೋವು, ಒಣ ಕೆಮ್ಮು, ಗಂಟಲು ನೋವು, ಏಳಲಾರದ ಸುಸ್ತು. ಮಕ್ಕಳಲ್ಲಿ ವಾಂತಿ, ಭೇದಿಯೂ ಆಗಬಹುದು. ಜ್ವರ ಮೂರು ನಾಲ್ಕು ದಿನದಲ್ಲಿ ಇಳಿದರೂ ಕೆಮ್ಮು ಮತ್ತು ನಿಶ್ಶಕ್ತಿ ಎರಡು ವಾರ ಉಳಿಯಬಹುದು.

ಫ್ಲೂ ಇನ್‌ಫ್ಲುಯೆಂಝಾ ಎಂಬ ವೈರಸ್ಸಿನಿಂದ ಬರುವ ರೋಗ. ರೋಗಿ ಕೆಮ್ಮಿದಾಗ, ಸೀನಿದಾಗ ಹಾರುವ ಹನಿಗಳಿಂದ ಅದು ಹರಡುತ್ತದೆ. ಸೋಂಕು ತಗುಲಿದ ಒಂದರಿಂದ ನಾಲ್ಕು ದಿನಗಳೊಳಗೆ ಜ್ವರ ಕಾಣಿಸುತ್ತದೆ. ಜ್ವರ ಬರುವ ಹಿಂದಿನ ದಿನದಿಂದಲೇ ರೋಗಿಯು ಇತರರಿಗೆ ಅದನ್ನು ಅಂಟಿಸಬಲ್ಲನು. ಮುಂದೆ ಐದರಿಂದ ಏಳು ದಿನಗಳವರೆಗೂ ಅಂಟಿಸಬಲ್ಲನು.

ರೇಷ್ಮೆ ಸಾಕುವವರಿಗೆ ಈ ಮಾತು ಬೇಗ ಅರ್ಥವಾದೀತು. ಹುಳುಗಳಿಗೆ ಬರುವ ಹಾಲುತೊಂಡೆ ರೋಗವೂ ವೈರಸ್ಸಿನದೇ. ಅದು ಬಂದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ, ಬಾರದಂತೆ ನೋಡಿಕೊಳ್ಳಬೇಕು. ಅದಕ್ಕಾಗಿಯೇ ಕೈಕಾಲು ತೊಳೆಯದೆ ಯಾರನ್ನೂ ಹುಳು ಮನೆಯೊಳಗೆ ಬಿಡುವುದಿಲ್ಲ. ಹುಳುವಿಗೆ ಕೊಡುವ ಈ ಕಾಳಜಿಯನ್ನು ಮನೆಯ ಕೂಸಿಗೂ ಮುದುಕರಿಗೂ ಕೊಡಬೇಕಲ್ಲವೇ?

ಫ್ಲೂನಂತೆ ಕಾಣುವ ಬೇರೆ ಜ್ವರಗಳು

ಮಳೆಗಾಲದ ಜ್ವರವೆಲ್ಲ ಫ್ಲೂ ಅಲ್ಲ. ಮೊದಲ ದಿನ ಎಲ್ಲವೂ ಒಂದೇ ತರಹ ಕಾಣುತ್ತವೆ. ಕೆಳಗಿನ ಗುರುತುಗಳನ್ನು ನೆನಪಿಡಿ:

1. ಡೆಂಗ್ಯೂ: ಜೋರು ಜ್ವರ, ಕಣ್ಣಿನ ಹಿಂಬದಿ ನೋವು, ಕೀಲು ನೋವು, ಕೆಮ್ಮು, ನೆಗಡಿ ಸಾಮಾನ್ಯವಾಗಿ ಇರುವುದಿಲ್ಲ. ಜ್ವರ ಇಳಿಯುವ ದಿನಗಳೇ ಇದರಲ್ಲಿ ಹೆಚ್ಚು ಅಪಾಯದ ದಿನಗಳು. ಆಗ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ ಕಂಡರೆ ತತ್‌ಕ್ಷಣ ಆಸ್ಪತ್ರೆಗೆ.

2. ಮಲೇರಿಯಾ: ನಡುಕ, ಜ್ವರ, ಬೆವರು ಒಂದಾದ ಮೇಲೊಂದು, ದಿನ ಬಿಟ್ಟು ದಿನ ಬರುವುದುಂಟು.

3. ಟೈಫಾಯಿಡ್: ದಿನದಿಂದ ದಿನಕ್ಕೆ ಏರುತ್ತಾ ಹೋಗಿ ವಾರವಾದರೂ ಬಿಡದ ಜ್ವರ. ಪುಸ್ತಕಗಳಲ್ಲಿ ಇದನ್ನು ವಿಷಮಶೀತ ಜ್ವರ ಎನ್ನುತ್ತಾರೆ. ಹೆಸರಿನಲ್ಲಿ ಶೀತವಿದ್ದರೂ ಇದು ಶೀತವಲ್ಲ, ಕೆಟ್ಟ ನೀರು ಆಹಾರದಿಂದ ಬರುವುದು.

4. ಇಲಿ ಜ್ವರ: ಗದ್ದೆ, ಚರಂಡಿ, ದನದ ಕೊಟ್ಟಿಗೆಯ ನೀರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಬರುತ್ತದೆ. ಕಣ್ಣು ಕೆಂಪು, ಮೀನಖಂಡದಲ್ಲಿ ವಿಪರೀತ ನೋವು.

5. ಕ್ಷಯ: ಕೆಮ್ಮು ಎರಡು ವಾರ ದಾಟಿತು, ಸಂಜೆ ಜ್ವರ, ತೂಕ ಇಳಿಯುತ್ತಿದೆ ಎಂದಾದರೆ ಕಫ ಪರೀಕ್ಷೆ ಮಾಡಿಸಲೇಬೇಕು.

ಕೋವಿಡ್ಡನ್ನು ಲಕ್ಷಣ ನೋಡಿ ಫ್ಲೂನಿಂದ ಬೇರ್ಪಡಿಸಲಾಗದು, ಪರೀಕ್ಷೆಯೇ ಹೇಳಬೇಕು. ಯಾವುದೇ ಜ್ವರವಾಗಲಿ, ಮೂರು ದಿನ ದಾಟಿದರೆ ರಕ್ತ ಪರೀಕ್ಷೆ ಮಾಡಿಸುವುದು ಕ್ಷೇಮ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಬೇಡ, ಡೆಂಗ್ಯೂ ಆಗಿದ್ದರೆ ಅದು ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ, ಫ್ಲೂ ಇರುವ ಮಕ್ಕಳಿಗಂತೂ ಕೊಡಲೇಬಾರದು.

ಹಳೆಯ ಶತ್ರು

ಫ್ಲೂ ಎಂದರೆ ಸಣ್ಣ ಕಾಯಿಲೆ ಎಂಬ ಭಾವನೆ ಇರುವವರು 1918ನೆಯ ವರ್ಷವನ್ನು ನೆನೆಯಬೇಕು. ಆ ಜೂನ್ ತಿಂಗಳಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಫ್ಲೂ ರೈಲಿನ ಹಾದಿ ಹಿಡಿದು ಒಳನಾಡಿಗೆಲ್ಲ ಹರಡಿತು. ಸೆಪ್ಟೆಂಬರಿನಿಂದ ಬಂದ ಎರಡನೆಯ ಅಲೆ ಮತ್ತಷ್ಟು ಕ್ರೂರ. ಆ ವರ್ಷ ಮುಂಗಾರು ಬೇರೆ ಕೈಕೊಟ್ಟಿತ್ತು. ಅನ್ನವಿಲ್ಲದ ಹೊಟ್ಟೆಗೆ ಜ್ವರವೂ ಸೇರಿ ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಸತ್ತರು. ದುಡಿಯುವ ವಯಸ್ಸಿನವರೇ ಅವರಲ್ಲಿ ಬಹಳ. 1911ರ ಜನಗಣತಿಗಿಂತ 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಕಡಿಮೆಯಾಗಿತ್ತು. ಜನಗಣತಿಯ ಇತಿಹಾಸದಲ್ಲಿ ಹಾಗೆ ಆದದ್ದು ಅದೊಂದೇ ದಶಕದಲ್ಲಿ.

2009ರಲ್ಲಿ ಎಚ್1ಎನ್1 ಎಂಬ ಹೊಸ ಫ್ಲೂ ಬಂತು. ಭಾರತದ ಮೊದಲ ರೋಗಿ ಆ ಮೇ ತಿಂಗಳಲ್ಲಿ ವಿದೇಶದಿಂದ ಹೈದರಾಬಾದಿಗೆ ಬಂದಿಳಿದ ಪ್ರಯಾಣಿಕ. ಜನ ಅದನ್ನು ಹಂದಿ ಜ್ವರ ಎಂದರು. ಹಂದಿ ಮಾಂಸ ತಿನ್ನುವುದರಿಂದ ಅದು ಬರುವುದಿಲ್ಲ, ಮನುಷ್ಯನಿಂದ ಮನುಷ್ಯನಿಗೇ ಬರುತ್ತದೆ. 2015ರಲ್ಲಿ ಅದೇ ಜ್ವರ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ದೃಢಪಟ್ಟು, ಸುಮಾರು 3 ಸಾವಿರ ಮಂದಿ ತೀರಿಕೊಂಡರು. ಈಗ ಅದು ವರ್ಷ ವರ್ಷ ಬಂದುಹೋಗುವ ಫ್ಲೂಗಳಲ್ಲಿ ಒಂದಾಗಿದೆ.

ನಮ್ಮ ಸೋಮಂದೇಪಲ್ಲಿ ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಮೇಲಿದೆ. ಬೆಂಗಳೂರಿಗೆ ಕೆಲಸಕ್ಕೆ ಹೋದ ಮಕ್ಕಳು ಹಬ್ಬಕ್ಕೆ, ಮದುವೆಗೆ ಬಂದು ಹೋಗುತ್ತಾರೆ. ಪಟ್ಟಣದ ಫ್ಲೂ ನಮ್ಮ ಹಳ್ಳಿಗೆ ಬರಲು ಒಂದು ಬಸ್ಸು ಸಾಕು.

ಮನೆಯಲ್ಲಿ ಆರೈಕೆಯೋ, ಆಸ್ಪತ್ರೆಯೋ?

ಸರಕಾರದ ಆರೋಗ್ಯ ಇಲಾಖೆಯು ಫ್ಲೂ ರೋಗಿಗಳನ್ನು ಮೂರು ಗುಂಪಾಗಿ ನೋಡುತ್ತದೆ.

ಮೊದಲನೆಯದು: ಸಾಧಾರಣ ಜ್ವರ, ಕೆಮ್ಮು, ಮೈಕೈ ನೋವು. ಇವರಿಗೆ ಪರೀಕ್ಷೆಯೂ ಬೇಡ, ವಿಶೇಷ ಔಷಧಿಯೂ ಬೇಡ. ವಿಶ್ರಾಂತಿ, ಗಂಜಿ, ಮಜ್ಜಿಗೆ, ಕಾಯಿಸಿ ಆರಿಸಿದ ನೀರು, ಪ್ಯಾರಾಸಿಟಮಾಲ್. ಒಂದೆರಡು ದಿನ ಗಮನಿಸಬೇಕು.

ಎರಡನೆಯದು: ಜೋರು ಜ್ವರ, ವಿಪರೀತ ಗಂಟಲು ನೋವು ಇರುವವರು; ಅಥವಾ ಲಕ್ಷಣ ಸಣ್ಣದಾದರೂ ಬಸುರಿಯರು, ಎಳೆಯ ಮಕ್ಕಳು, 65 ವರ್ಷ ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಮೂತ್ರಪಿಂಡದ ಕಾಯಿಲೆ ಇರುವವರು. ಇವರು ಮನೆಯಲ್ಲಿ ಕಾಯಬಾರದು, ವೈದ್ಯರನ್ನು ಕಾಣಬೇಕು. ಒಸೆಲ್ಟಾಮಿವಿರ್ ಎಂಬ ಔಷಧಿ ಇದೆ. ಜ್ವರ ಬಂದ ಎರಡು ದಿನಗಳೊಳಗೆ ಆರಂಭಿಸಿದರೆ ಅದರ ಪ್ರಯೋಜನ ಹೆಚ್ಚು.

ಮೂರನೆಯದು: ಏದುಸಿರು, ಎದೆನೋವು, ಕಫದಲ್ಲಿ ರಕ್ತ, ಮಂಪರು, ತುಟಿ ಉಗುರು ನೀಲಿಯಾಗುವುದು. ಇಂಥವರನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. 108ಕ್ಕೆ ಫೋನ್ ಮಾಡಿರಿ.

ಮಕ್ಕಳಲ್ಲಿ ಉಸಿರನ್ನು ಎಣಿಸಿ ನೋಡಬಹುದು. ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ, ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40, ಅಥವಾ ಅದಕ್ಕೂ ಹೆಚ್ಚು ಉಸಿರು ಬಂದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಗಳ ಕೆಳಗೆ ಒಳಕ್ಕೆ ಸೆಳೆಯುತ್ತಿದ್ದರೆ ನ್ಯುಮೋನಿಯಾ ಎಂದು ತಿಳಿದು ಹೊರಡಬೇಕು. ಹಾಲು ಕುಡಿಯದ ಮಗುವನ್ನೂ ಕಾಯಿಸಬಾರದು.

ಊರಿನ ಆರ್.ಎಂ.ಪಿ. ಡಾಕ್ಟರ ಹತ್ತಿರ ಸೂಜಿ, ಗ್ಲೂಕೋಸ್ ಬಾಟ್ಲಿ ಕೇಳಿ ಹಾಕಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಬಾಟ್ಲಿಯಿಂದ ಫ್ಲೂ ಹೋಗುವುದಿಲ್ಲ. ಆಂಟಿಬಯೋಟಿಕ್ ಮಾತ್ರೆಗಳು ವೈರಸ್ಸನ್ನು ಕೊಲ್ಲುವುದಿಲ್ಲ. ಸುಮ್ಮನೆ ನುಂಗುತ್ತಾ ಹೋದರೆ ನಿಜವಾಗಿ ಬೇಕಾದ ದಿನ ಅವು ಕೆಲಸ ಮಾಡುವುದಿಲ್ಲ.

ಲಸಿಕೆಯ ವಿಚಾರ

ಫ್ಲೂಗೆ ಲಸಿಕೆ ಇದೆ ಎಂಬುದೇ ಅನೇಕರಿಗೆ ತಿಳಿಯದು. ಕೆಲವರು "ನಮ್ಮ ಮಗುವಿಗೆ ಪೆಂಟಾವೇಲೆಂಟ್ ಹಾಕಿಸಿದ್ದೇವೆ, ಅದರಲ್ಲೇ ಇನ್‌ಫ್ಲುಯೆಂಝಾ ಇದೆಯಂತೆ" ಎನ್ನುತ್ತಾರೆ. ಅದು ಹೆಸರಿನ ಗೊಂದಲ. ಪೆಂಟಾವೇಲೆಂಟ್‌ನಲ್ಲಿರುವುದು ಹೀಮೋಫಿಲಸ್ ಇನ್‌ಫ್ಲುಯೆಂಝಾ ಎಂಬ ಬ್ಯಾಕ್ಟೀರಿಯಾದ ವಿರುದ್ಧದ ಮದ್ದು. 1892ರಲ್ಲಿ ಅದನ್ನೇ ಫ್ಲೂಗೆ ಕಾರಣವೆಂದು ತಪ್ಪಾಗಿ ಎಣಿಸಿದ್ದರಿಂದ ಆ ಹೆಸರು ಉಳಿದುಕೊಂಡಿತು. ಮನುಷ್ಯರ ಫ್ಲೂ ವೈರಸ್ಸನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1933ರಲ್ಲಿ.

ಪ್ರತಿ ವರ್ಷ ಯಾಕೆ? ನಮ್ಮ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸುತ್ತೇವೆ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕಾಗುವುದಿಲ್ಲ. ಫ್ಲೂ ಲಸಿಕೆಯ ಶಕ್ತಿಯೂ ತಿಂಗಳು ಕಳೆದಂತೆ ಇಳಿಯುತ್ತದೆ. ಜೊತೆಗೆ ಫ್ಲೂ ವೈರಸ್ ತನ್ನ ಹೊರ ರೂಪವನ್ನು ಬದಲಾಯಿಸುತ್ತಲೇ ಇರುತ್ತದೆ. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆ ಎರಡು ಬಾರಿ, ಫೆಬ್ರವರಿ ಮತ್ತು ಸೆಪ್ಟೆಂಬರಿನಲ್ಲಿ, ಮುಂದಿನ ಋತುವಿಗೆ ಯಾವ ತಳಿಗಳನ್ನು ಲಸಿಕೆಯಲ್ಲಿ ಸೇರಿಸಬೇಕೆಂದು ನಿರ್ಧರಿಸುತ್ತದೆ.

ಯಾರಿಗೆ? ಆರು ತಿಂಗಳು ತುಂಬಿದ ಯಾರಿಗಾದರೂ ಹಾಕಿಸಬಹುದು. ಮುಖ್ಯವಾಗಿ ಬಸುರಿಯರು, 65 ದಾಟಿದವರು, ಮೇಲೆ ಹೇಳಿದ ದೀರ್ಘ ಕಾಯಿಲೆಯವರು, ಚಿಕ್ಕ ಮಕ್ಕಳು. ಬಸುರಿ ತಾಯಿಗೆ ಹಾಕಿಸಿದರೆ ಹುಟ್ಟುವ ಕೂಸಿಗೂ ಮೊದಲ ತಿಂಗಳುಗಳಲ್ಲಿ ರಕ್ಷಣೆ ಸಿಗುತ್ತದೆ. ಆರು ತಿಂಗಳೊಳಗಿನ ಕೂಸಿಗೆ ನೇರವಾಗಿ ಈ ಲಸಿಕೆ ಕೊಡುವಂತಿಲ್ಲವಾದ್ದರಿಂದ ಇದು ದೊಡ್ಡ ಲಾಭ. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ನಾಲ್ಕು ವಾರಗಳ ಅಂತರದಲ್ಲಿ ಎರಡು ಸಲ ಹಾಕಿಸಬೇಕು.

ಯಾವಾಗ? ನಮ್ಮ ದೇಶದಲ್ಲಿ ಫ್ಲೂ ಹೆಚ್ಚುವುದು ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಮ್ಮೆ. ಲಸಿಕೆ ಕೆಲಸ ಮಾಡಲು ಎರಡು ವಾರ ಬೇಕು. ಆದುದರಿಂದ ಮಳೆ ಹಿಡಿಯುವ ಮೊದಲೇ ಹಾಕಿಸುವುದು ಒಳ್ಳೆಯದು.

ಗುಣವೆಷ್ಟು, ತೊಂದರೆಯೆಷ್ಟು? ಲಸಿಕೆಯ ತಳಿ ಆ ವರ್ಷದ ಫ್ಲೂಗೆ ಚೆನ್ನಾಗಿ ಹೊಂದಿದರೆ ರೋಗ ಬರುವ ಸಂಭವ ಶೇಕಡ 40ರಿಂದ 60ರಷ್ಟು ಇಳಿಯುತ್ತದೆ. ಬಂದರೂ ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗುವುದು ಕಡಿಮೆ. ನೆಗಡಿಯನ್ನೂ ಡೆಂಗ್ಯೂವನ್ನೂ ಅದು ತಡೆಯದು. ಚುಚ್ಚಿ ಕೊಡುವ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಅದರಿಂದ ಫ್ಲೂ ಬರುವುದಿಲ್ಲ. ತೋಳು ನೋವು, ಒಂದೆರಡು ದಿನ ಸಣ್ಣ ಜ್ವರ ಬರಬಹುದು. ನರ ದುರ್ಬಲವಾಗುವಂಥ ತೀವ್ರ ತೊಂದರೆ ಹತ್ತು ಲಕ್ಷಕ್ಕೆ ಒಬ್ಬಿಬ್ಬರಲ್ಲಿ ಮಾತ್ರ. ಹೆಚ್ಚಿನ ಫ್ಲೂ ಲಸಿಕೆಗಳನ್ನು ಕೋಳಿ ಮೊಟ್ಟೆಯಲ್ಲಿ ಬೆಳೆಸಿ ತಯಾರಿಸುವುದರಿಂದ ಮೊಟ್ಟೆ ಆಗದವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಜೋರು ಜ್ವರ ಇರುವ ದಿನ ಹಾಕಿಸುವುದು ಬೇಡ.

ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದು ಸೇರಿಲ್ಲ. ಖಾಸಗಿಯಾಗಿ ಹಾಕಿಸಿದರೆ ಸಾವಿರ ರೂಪಾಯಿ ದಾಟುವುದುಂಟು. ಮನೆಮಂದಿಗೆಲ್ಲ ಆಗದಿದ್ದರೆ ಬಸುರಿ ಸೊಸೆಗೆ, ಸಕ್ಕರೆ ಕಾಯಿಲೆಯ ತಂದೆಗೆ, ಉಬ್ಬಸದ ತಾಯಿಗೆ ಮೊದಲು ಎಂದು ಆರಿಸಿಕೊಳ್ಳಿರಿ.

ಕೋಳಿ ಸಾಕುವವರಿಗೆ ಒಂದು ಮಾತು

ಹಕ್ಕಿ ಜ್ವರವೂ ಇನ್‌ಫ್ಲುಯೆಂಝಾದ ಜಾತಿಯದೇ. ಭಾರತದ ಕೋಳಿಗಳಲ್ಲಿ ಅದು ಮೊದಲು ಕಂಡದ್ದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ. 2025ರಲ್ಲಿ ನಮ್ಮ ರಾಜ್ಯದ ಗೋದಾವರಿ ಜಿಲ್ಲೆಗಳಲ್ಲೂ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಕಂಡಿತು. ಅದೇ ವರ್ಷ ಪಲ್ನಾಡು ಜಿಲ್ಲೆಯ ಒಂದು ಎಳೆಯ ಮಗು ಈ ಸೋಂಕಿನಿಂದ ತೀರಿಕೊಂಡಿತು. ಹಸಿ ಕೋಳಿ ಮಾಂಸ ಬಾಯಿಗೆ ಹಾಕಿಕೊಂಡಿತ್ತೆಂದು ವರದಿಯಾಯಿತು. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಅದು ಕೊಕ್ಕರೆ ರೋಗವೋ ಹಕ್ಕಿ ಜ್ವರವೋ ನೋಡಿ ಹೇಳಲಾಗದು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ, ಕೆರೆಗೆ ಎಸೆಯಬೇಡಿ; ಪಶು ಆಸ್ಪತ್ರೆಗೆ ತಿಳಿಸಿರಿ. ಚೆನ್ನಾಗಿ ಬೇಯಿಸಿದ ಮಾಂಸ, ಮೊಟ್ಟೆಯಿಂದ ಅಪಾಯವಿಲ್ಲ. ವರ್ಷದ ಫ್ಲೂ ಲಸಿಕೆ ಹಕ್ಕಿ ಜ್ವರವನ್ನು ತಡೆಯುವುದಿಲ್ಲ.

ಈ ವಾರವೇ ಮಾಡಬಹುದಾದದ್ದು

ಮನೆಯಲ್ಲಿ ಯಾರಿಗೆ ಫ್ಲೂ ಅಪಾಯವೆಂದು ಕುಳಿತು ಎಣಿಸಿ, ಅವರ ಹೆಸರು ಬರೆದಿಡಿ. ಲಸಿಕೆ ಎಲ್ಲಿ ಸಿಗುತ್ತದೆಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಇಲ್ಲವೇ ಹಿಂದೂಪುರ, ಕಲ್ಯಾಣದುರ್ಗದ ಆಸ್ಪತ್ರೆಗಳಲ್ಲಿ ವಿಚಾರಿಸಿ. ಕೆಮ್ಮುವಾಗ ಟವೆಲ್ಲನ್ನೋ ಸೆರಗನ್ನೋ ಬಾಯಿಗೆ ಹಿಡಿಯಿರಿ, ಸೋಪಿನಿಂದ ಕೈ ತೊಳೆಯಿರಿ, ರೋಗಿಯನ್ನು ಗಾಳಿ ಬೆಳಕಿರುವ ಕಡೆ ಮಲಗಿಸಿರಿ. ಜ್ವರ, ಕೆಮ್ಮು ಇರುವವರು ಭಾನುವಾರದ ಬಲಿಪೂಜೆಗೆ ಬಾರದೆ ಮನೆಯಲ್ಲಿ ಉಳಿದರೆ ಅದು ದೋಷವಲ್ಲ. ಕಾಯಿಲೆಯವರಿಗೆ ಧರ್ಮಸಭೆಯೇ ಆ ವಿನಾಯಿತಿ ಕೊಟ್ಟಿದೆ, ಪಕ್ಕದಲ್ಲಿ ಕೂರುವ ಮುದುಕರಿಗೂ ಅದರಿಂದ ಉಪಕಾರ. ಮಗುವಿನ ಉಸಿರು ಎಣಿಸುವುದನ್ನು ಮನೆಯ ದೊಡ್ಡ ಮಕ್ಕಳಿಗೂ ಹೇಳಿಕೊಡಿ. ತಾಯಿ ಹೊಲಕ್ಕೆ ಹೋಗಿರುವಾಗ ಕೂಸಿನ ಹತ್ತಿರ ಇರುವವರು ಅವರೇ.