ಇಲಿಯ ಅಡ್ರಿನಲ್‌ನಲ್ಲಿ ತಡೆ ಬಿದ್ದದ್ದು ಎಲ್ಲಿ?

ಇಲಿಗೆ ಮೆಟಿರಾಪೋನ್ ಎಂಬ ಔಷಧಿ ಕೊಟ್ಟು, ರಕ್ತದಲ್ಲಿ ಕಾರ್ಟಿಕೊಸ್ಟೆರಾನ್ ಹಾರ್ಮೋನು ಇಳಿಯಿತು ಎಂದಷ್ಟೇ ಬರೆದುಕೊಂಡರೆ ಅರ್ಧ ಸಂಗತಿ ಕೈಬಿಟ್ಟಂತೆ. ಅಡ್ರಿನಲ್ ಗ್ರಂಥಿಯ ಹೊರಭಾಗದಲ್ಲಿ ಕೊಲೆಸ್ಟೆರಾಲ್ ಹಲವು ಹಂತ ದಾಟಿ ಸ್ಟಿರಾಯ್ಡ್ ಹಾರ್ಮೋನಾಗುತ್ತದೆ. ಆ ಹಂತಗಳನ್ನು ನಡೆಸುವುದು ಬೇರೆ ಬೇರೆ ಕಿಣ್ವಗಳು. ಮೆಟಿರಾಪೋನ್ ಮುಖ್ಯವಾಗಿ ತಡೆಯುವುದು ಕಾರ್ಟಿಕೊಸ್ಟೆರಾನ್ ತಯಾರಾಗುವ ಕೊನೆಯ ಹಂತದ 11-ಬೀಟಾ ಹೈಡ್ರಾಕ್ಸಿಲೇಸ್ ಕಿಣ್ವವನ್ನು. ಆಗ ಹಿಂದಿನ ಹಂತದ ಡಿಆಕ್ಸಿಕಾರ್ಟಿಕೊಸ್ಟೆರಾನ್ ಮುಂದೆ ಸಾಗಲಾರದೆ ಶೇಖರವಾಗುತ್ತದೆ. ಕಾರ್ಟಿಕೊಸ್ಟೆರಾನ್ ಸಾಲದಾದಾಗ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸಿ ಅಡ್ರಿನಲ್ ಅನ್ನು ಇನ್ನಷ್ಟು ದುಡಿಸುತ್ತದೆ. ತೂಬು ಮುಚ್ಚಿದ ಕಾಲುವೆಗೆ ಮೇಲಿನಿಂದ ಮತ್ತೆ ನೀರು ಬಿಟ್ಟ ಹಾಗೆ ಇದು. ಶೇಖರವಾದ ವಸ್ತುವೂ ಸುಮ್ಮನಿರುವಂಥದ್ದಲ್ಲ. ಅದು ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತದೆ. ಮೆಟಿರಾಪೋನ್ ಸೇವಿಸುವ ರೋಗಿಗಳಲ್ಲಿ ಕೆಲವರಿಗೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುವುದು ಇದರಿಂದಲೇ.

ಅಮಿನೊಗ್ಲುಟೆಥಿಮೈಡ್ ಎಂಬ ಇನ್ನೊಂದು ಔಷಧಿ ಕೊಟ್ಟ ಇಲಿಯಲ್ಲೂ ಕಾರ್ಟಿಕೊಸ್ಟೆರಾನ್ ಇಳಿಯುತ್ತದೆ. ಆದರೆ ಈ ಔಷಧಿ ಮೊದಲ ಹಂತವನ್ನೇ ಕಟ್ಟಿಹಾಕುತ್ತದೆ. ಬಳಕೆಯಾಗದ ಕೊಲೆಸ್ಟೆರಾಲ್ ಕೊಬ್ಬಿನ ಹನಿಗಳಾಗಿ ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತದೆ, ಗ್ರಂಥಿ ಊದಿಕೊಳ್ಳುತ್ತದೆ. ರಕ್ತಪರೀಕ್ಷೆಯ ಅಂಕಿ ಒಂದೇ, ಒಳಗಿನ ಸ್ಥಿತಿ ಬೇರೆ. 1960ರಲ್ಲಿ ಮೂರ್ಛೆರೋಗಕ್ಕೆಂದು ಬಂದ ಈ ಔಷಧಿಯನ್ನು 1966ರಲ್ಲಿ ಅಮೆರಿಕದಲ್ಲಿ ಹಿಂತೆಗೆದುಕೊಂಡಾಗ ಅಡ್ರಿನಲ್‌ನ ಕೆಲಸ ಕುಂದುವುದೇ ಒಂದು ದೊಡ್ಡ ಕಾರಣವಾಗಿತ್ತು.

ಇಲಿ ಮನುಷ್ಯನಲ್ಲವಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಇಲಿಯ ಅಡ್ರಿನಲ್‌ನಲ್ಲಿ 17-ಆಲ್ಫಾ ಹೈಡ್ರಾಕ್ಸಿಲೇಸ್ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಅದರ ಮುಖ್ಯ ಹಾರ್ಮೋನು ಕಾರ್ಟಿಕೊಸ್ಟೆರಾನ್, ನಮ್ಮದು ಕಾರ್ಟಿಸೋಲ್. ಆ ಕಿಣ್ವವನ್ನೇ ಗುರಿಯಾಗಿಸಿದ ಅಬಿರಾಟೆರೋನ್‌ನಂಥ ಔಷಧಿ ಮನುಷ್ಯನ ಅಡ್ರಿನಲ್‌ಗೆ ಏನು ಮಾಡೀತು ಎಂದು ಇಲಿಯ ಅಡ್ರಿನಲ್ ನೋಡಿ ಹೇಳಲಾಗದು. ಆದರೆ ಮೆಟಿರಾಪೋನ್ ತಡೆಯುವ ಹಂತ ಇಬ್ಬರಲ್ಲೂ ಇದೆ. ಮನುಷ್ಯನಲ್ಲಿ ಶೇಖರವಾಗುವುದು 11-ಡಿಆಕ್ಸಿಕಾರ್ಟಿಸೋಲ್. ಪಿಟ್ಯುಟರಿಯ ಶಕ್ತಿ ತಿಳಿಯಲು ವೈದ್ಯರು ಮಾಡುವ ಮೆಟಿರಾಪೋನ್ ಪರೀಕ್ಷೆ ಅಳೆಯುವುದು ಇದನ್ನೇ. ಹೋಲಿಕೆಯನ್ನು ಇಡೀ ಪ್ರಾಣಿಗೆ ಅನ್ವಯಿಸದೆ ಕಿಣ್ವಕ್ಕೆ ಕಿಣ್ವ ಎಂದು ಪರಿಶೀಲಿಸಬೇಕು ಎಂಬುದು ನನ್ನ ವಾದ.

ಕಡಿಮೆ ಪ್ರಮಾಣದ ಔಷಧಿಗೆ ದೇಹವೇ ಹೊಂದಿಕೊಳ್ಳುತ್ತದೆ, ಮತ್ತೇಕೆ ಆತಂಕ ಎನ್ನುವವರಿದ್ದಾರೆ. ಹೊಂದಿಕೊಳ್ಳುವುದು ನಿಜ, ಏರಿದ ಎಸಿಟಿಎಚ್ ಒತ್ತಡದಿಂದ ಹಾರ್ಮೋನು ಸಹಜ ಮಟ್ಟದ ಹತ್ತಿರಕ್ಕೆ ಬರಬಹುದು. ಆದರೆ ಆಪತ್ತಿನಲ್ಲಿ ಇನ್ನಷ್ಟು ಬೇಕಾದಾಗ ಗ್ರಂಥಿಯ ಬಳಿ ಉಳಿಕೆ ಇರುವುದಿಲ್ಲ. 1983ರಲ್ಲಿ ಗ್ಲಾಸ್ಗೋದ ತೀವ್ರ ನಿಗಾ ಘಟಕದ ವೈದ್ಯರು, ಎಟೊಮಿಡೇಟ್ ಅನ್ನು ನಿರಂತರ ಡ್ರಿಪ್‌ನಲ್ಲಿ ಪಡೆದ ಗಾಯಾಳುಗಳಲ್ಲಿ ಸಾವು ಹೆಚ್ಚಿರುವುದನ್ನು ವರದಿ ಮಾಡಿದರು. ನಿದ್ದೆ ಬರಿಸುವ ಈ ಔಷಧಿ ತಡೆಯುತ್ತಿದ್ದುದೂ 11-ಬೀಟಾ ಹೈಡ್ರಾಕ್ಸಿಲೇಸನ್ನೇ. ಆದ್ದರಿಂದ ಇಲಿಯ ಪ್ರಯೋಗದಲ್ಲೂ ಔಷಧಿಯ ನಂತರ ಎಸಿಟಿಎಚ್ ಚುಚ್ಚಿ, ಕಾರ್ಟಿಕೊಸ್ಟೆರಾನ್ ಎಷ್ಟು ಏರಿತು, ಹಿಂದಿನ ಹಂತಗಳಲ್ಲಿ ಏನು ಉಳಿಯಿತು ಎಂದು ಎರಡನ್ನೂ ಅಳೆಯಬೇಕು.