ಅಜ್ಜನ ಜೀಪು, ಮೊಮ್ಮಗನ ಸ್ಪ್ಯಾನರ್

ಕೊಡಗು, ಮಲೆನಾಡಿನ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳು ಇನ್ನೂ ಕೆಸರು ತುಳಿದು ಗುಡ್ಡ ಹತ್ತುತ್ತವೆ. ಇವುಗಳ ಮೂಲಪುರುಷ ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪು. ನಾಲ್ಕು ಸಿಲಿಂಡರ್, 60 ಅಶ್ವಶಕ್ತಿ. ಎಂಜಿನ್ನಿನ ಬಲ ನಾಲ್ಕೂ ಗಾಲಿಗಳಿಗೆ. ಮಹೀಂದ್ರ ಕಂಪನಿ ಭಾರತದಲ್ಲಿ ಇದರ ಜೋಡಣೆ ಆರಂಭಿಸಿತು.

ಹಳೆಯ ಬಿಡಿಭಾಗ ಅಂಗಡಿಯಲ್ಲಿ ಸಿಗುವುದು ಕಷ್ಟ. ಹಾಗಾಗಿ ಒಬ್ಬರ ಮನೆಯ ಗುಜರಿ ಗೇರ್‌ಬಾಕ್ಸ್ ಇನ್ನೊಬ್ಬರ ಜೀಪಿಗೆ ಜೀವ. ಒಬ್ಬರು ಕಂಡುಕೊಂಡ ಉಪಾಯ ಎಲ್ಲರ ಸೊತ್ತು. ಪೆಟ್ರೋಲ್ ಖರ್ಚಿಗೆ ಹೆದರಿ ಡೀಸೆಲ್ ಎಂಜಿನ್ ಕೂರಿಸಿದವರೂ ಉಂಟು.

ಆದರೆ ಮಾರ್ಪಾಡಿಗೆ ಮಿತಿಯಿದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. 2021ರ ನಿಯಮದಂತೆ ‘ವಿಂಟೇಜ್’ ಎನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಭಾರಿ ಬದಲಾವಣೆ ಆಗಿರಬಾರದು. ಎಂಜಿನ್ ಬದಲಿಸಿದ ಜೀಪು ಈ ಮನ್ನಣೆಯನ್ನೇ ಕಳೆದುಕೊಳ್ಳಬಹುದು. ಕೈ ಹಾಕುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಮೂಲ ಎಂಜಿನ್ನನ್ನೇ ದುರಸ್ತಿ ಮಾಡುವುದರಲ್ಲಿ ಇನ್ನೊಂದು ಲಾಭವಿದೆ. ಪುಸ್ತಕದಲ್ಲಿ ಓದಿದ ಕಾರ್ಬೊರೇಟರ್, ಡಿಫರೆನ್ಷಿಯಲ್‌ಗಳನ್ನು ಬಿಚ್ಚಿ ಜೋಡಿಸಲು ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ? ಕೈಗೆ ಒಂದಿಷ್ಟು ಗ್ರೀಸ್ ಮೆತ್ತಿದರೆ ಪೋಷಕರು ಗದರದಿದ್ದರೆ ಸಾಕು.